ಹುದುಗು

ರಾತ್ರಿ ಒಲೆಯ ಪಕ್ಕ ಇಡುವುದು ಮರೆತೆ.
ಬೆಳಿಗ್ಗೆ ನೋಡಿದರೆ
ಮುಚ್ಚಳ ಕುಡುಕನ ಟೋಪಿಯ ಹಾಗೆ ವಾಲಿ
ದೋಸೆ ಹಿಟ್ಟು ಕಟ್ಟೆಗೆ ಇಳಿದು
ಕಿಟಕಿಯ ಕಡೆಗೆ ಒಂದು ಗೇಣು ನಡೆದಿತ್ತು.

ನಾಲ್ಕು ತಿಂಗಳು
ಬಾಣಂತಿ ಕೋಣೆಯ ಕೂಸಿನಂತೆ ಸಾಕಿದ್ದೇನೆ ಇದನ್ನು:
ಟವೆಲು, ಕಂಬಳಿ, ದಾಕ್ಷಾಯಿಣಿಯ ಹಳೆಯ ಸ್ವೆಟರು.
ಇದ್ದೊಂದು ಬಿಸಿನೀರಿನ ಚೀಲವನ್ನೂ ಇದರ ಬಗಲಿಗೆ ಕೊಟ್ಟು
ನಾವಿಬ್ಬರೂ ತಣ್ಣನೆ ಪಾದಗಳನ್ನು
ಒಬ್ಬರಿಂದೊಬ್ಬರು ಕದಿಯುತ್ತ ಮಲಗಿದ್ದೇವೆ.
ಆಗೆಲ್ಲ ಮುನಿಸು. ಮಿಸುಕಲಿಲ್ಲ.
ಇವತ್ತು ಕರೆಯದೆ ಎದ್ದಿದೆ.

ಗೋಡೆಯ ಮೇಲೆ ಗದಗಿನ ಬಟ್ಟೆ ಅಂಗಡಿಯ ಕ್ಯಾಲೆಂಡರು
ಭಾದ್ರಪದ ಅನ್ನುತ್ತದೆ.
ಟಾಸ್ಮೇನಿಯಾದ ಈ ಹೊಳೆದಂಡೆಯ ಜಾಲಿ
ಅದನ್ನು ಓದಿದ ಹಾಗಿಲ್ಲ.
ಅರಿಸಿನದಲ್ಲಿ ಮಿಂದು ನಿಂತಿದೆ.
ನಮ್ಮೂರ ಕರಿಜಾಲಿಗೆ ದೂರದ ನಂಟು;
ಮುಳ್ಳು ಮಾತ್ರ ತವರಲ್ಲೇ ಬಿಟ್ಟು ಬಂದಿದೆ.

ಒಲೆಯ ಬೂದಿ ಬಳಿದು ಹೊರಗೆ ಒಯ್ದೆ.
ಅರ್ಧ ಬೆಳ್ಳುಳ್ಳಿ ಪಾತಿಗೆ,
ಇನ್ನರ್ಧ ಮಸಿ ಹಿಡಿದ ಕೆಟಲಿಗೆ.
ತೆಂಗಿನ ನಾರಿಲ್ಲ, ಗೋಣಿಯ ಚೂರಿನಿಂದ ತಿಕ್ಕಿದೆ.
ಅದರ ಹೊಟ್ಟೆಯಲ್ಲಿ ಮೊದಲು
ಬೋಳು ಸೇಬಿನ ಮರ ಮೂಡಿತು,
ಆಮೇಲೆ ನನ್ನ ಗಡ್ಡ.
ಬೋಳಿಸಬೇಕು.

ಕಿಟಕಿಗೆ ವಿನೆಗರು, ಹಳೆಯ ಪೇಪರು.
ಜೂನಿನ ಹಿಮದ ಸುದ್ದಿಯನ್ನೇ ಮುದ್ದೆ ಮಾಡಿ
ಸೆಪ್ಟೆಂಬರಿನ ಗಾಜು ಒರೆಸಿದೆ.

ಹಾಸಿಗೆಯ ಬಟ್ಟೆ ಬೇಲಿಗೆ ಹಾಕುತ್ತಿದ್ದಾಗ
ಆಚೆ ಮನೆಯ ಎನಿಡ್ ಬಂದಳು,
ಅರವತ್ತು ಹಂಗಾಮು ಸೇಬು ಕಿತ್ತ ಕೈಯಲ್ಲಿ
ಒದ್ದೆ ಚೀಲದಲ್ಲಿ ಸುತ್ತಿದ ಒಂದು ಗೆಡ್ಡೆ.
'ರೂಬಾರ್ಬ್. ಮೊದಲ ವರ್ಷ ಕೀಳಬೇಡ, ಬರೇ ನೋಡು.'
ವಸಂತ ಬಂತಲ್ಲ, ಅಂದೆ.
'ಇಲ್ಲಿ ಅದು ಬರುವುದಿಲ್ಲ ಮಾರಾಯ.
ಚಳಿಗೆ ನಮ್ಮ ಮನೆಯ ದಾರಿ ಮರೆಯುತ್ತದೆ, ಅಷ್ಟೆ.
ನೆನಪಾದರೆ ತಿರುಗಿ ಬರುತ್ತದೆ.
ಕಂಬಳಿ ಅಟ್ಟಕ್ಕೆ ಹಾಕಬೇಡ.'

ನಾನು ಹಾಕಿಬಿಟ್ಟಿದ್ದೆ. ಹೇಳಲಿಲ್ಲ.

ಜಗಲಿಯ ದೀಪದ ಬುರುಡೆಯ ಮೇಲೆ
ಕವಲು ಬಾಲದ ಜೋಡಿಯೊಂದು ಮಣ್ಣು ಮೆತ್ತುತ್ತಿದೆ.
ಈ ಸೀಮೆಯಲ್ಲಿ ಆ ಹಕ್ಕಿಯ ಹೆಸರೇ ವೆಲ್‌ಕಮ್.
ಸ್ವಾಗತಕ್ಕೆಂದು ನಾನು ಹೊಸ್ತಿಲು ಗುಡಿಸಿದರೆ
ಅದು ಹೊಸ್ತಿಲ ಮೇಲೆ ಕೆಸರು ಚೆಲ್ಲಿ
ಸ್ವಾಗತ ಸ್ವಾಗತ ಎಂದು ಹಾರುತ್ತದೆ.
ಚಪ್ಪಲಿ ಸರಿಸಿದೆ. ಸ್ವಿಚ್ಚಿಗೆ ಟೇಪು ಅಂಟಿಸಿದೆ.
ಮರಿಗಳು ಹಾರುವ ತನಕ ನಾವು ಕತ್ತಲಲ್ಲೇ ಬೀಗ ತಡಕೋಣ.

ನಮ್ಮ ಮಾತೂ ವಿಚಿತ್ರ.
ಹುದುಗು ಎಂದರೆ ಅಡಗಿ ಕೂರುವುದು,
ಹುದುಗು ಎಂದರೆ ಉಬ್ಬಿ ಉಕ್ಕುವುದು.
ಯಾವಾಗ ಯಾವುದೆಂದು
ಮುಚ್ಚಳ ತೆಗೆಯದೆ ತಿಳಿಯದು.

ಎಂಟೂವರೆಗೆ ದಾಕ್ಷಾಯಿಣಿಯ ಕಾರು.
ರಾತ್ರಿಪಾಳಿ, ವೃದ್ಧಾಶ್ರಮ; ಮೈಯಲ್ಲಿ ಡೆಟಾಲಿನ ವಾಸನೆ.
ಒಬ್ಬರು ಹೋದರು ಅಂದಳು, ಹೆಸರು ಹೇಳಲಿಲ್ಲ.
ಕಟ್ಟೆಯ ಮೇಲಿನ ಹಿಟ್ಟು ನೋಡಿದಳು.
ಬೈಯುತ್ತಾಳೆಂದು ಬಟ್ಟೆ ಹಿಡಿದು ನಿಂತೆ.
ಬೆರಳಲ್ಲಿ ಬಳಿದು ನಾಲಗೆಗೆ ಇಟ್ಟು
'ಹುಳಿ ಬಂದಿದೆ' ಅಂದಳು,
ಊರಿಂದ ನೆಂಟರು ಬಂದಿದ್ದಾರೆ ಅನ್ನುವ ದನಿಯಲ್ಲಿ.

ಒಂದು ಲೋಟದಲ್ಲಿ ಜಾಲಿ ಹೂ ಇಟ್ಟಿದ್ದೆ.
ಅವಳು ಎರಡು ಸಲ ಸೀನಿದಳು.
ಲೋಟ ಜಗಲಿಗೆ ಹೋಯಿತು.

ಮೊದಲ ದೋಸೆ ಎಂದಿನಂತೆ ಹಂಚಿಗೆ ಅಂಟಿತು.
ಕೆರೆದು ಕೋಳಿಗೆ ಹಾಕಿದೆ;
ಚಳಿಗಾಲವಿಡೀ ಸುಮ್ಮನಿದ್ದದ್ದು
ನಿನ್ನೆ ಒಂದು ಮೊಟ್ಟೆ ಇಟ್ಟಿದೆ, ಅದರ ಪಾಲು ಅದಕ್ಕೆ.

ಎರಡನೆಯದು ಅಂಚು ಕೆಂಪಾಗಿ
ತಾನಾಗಿ ಎದ್ದಿತು.
ತಟ್ಟೆ ಹಿಡಿದು ತಿರುಗಿದರೆ ಇವಳು
ಕಾಲುಚೀಲ ಕಳಚಿ,
ಒರೆಸಿದ ಗಾಜಿನಿಂದ ಬಿದ್ದ ಬಿಸಿಲಿನ ತುಂಡಿನಲ್ಲಿ
ಎರಡೂ ಪಾದ ಇಟ್ಟು
ಮೇಜಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು.

ತಟ್ಟೆಯ ಮೇಲೆ ಮುಚ್ಚಳ ಮುಚ್ಚಿದೆ.